ಹಿಮವಿಲ್ಲದ ಊರಿಗೆ ಬಂದ ಬಾವುಟಗಳು

ಜೂನ್ ತಿಂಗಳ ಒಂದು ಬೆಳಿಗ್ಗೆ ಕುವೈತಿನ ಶುವೈಖ್‌ನ ಗೋದಾಮಿನಲ್ಲಿ ಆ ಪೆಟ್ಟಿಗೆಗಳನ್ನು ಒಡೆದಾಗ ಒಳಗಿದ್ದದ್ದು ಏನೆಂದು ಯಾರಿಗೂ ತಿಳಿಯಲಿಲ್ಲ. ಶಿಲುಬೆಯ ಹಾಗೆ ಒಂದರ ಮೇಲೊಂದು ಕೂಡಿಸಿದ ಎರಡು ಮರದ ಪಟ್ಟಿ, ನಡುವಿನಿಂದ ಕೆಳಗಿಳಿದ ಒಂದು ಸರಳು, ಸರಳಿನ ತುದಿಯಲ್ಲಿ ದಾರ ಸುತ್ತುವ ಉರುಳೆ, ಮೇಲೆ ಬಗ್ಗಿಸಿ ಸಿಕ್ಕಿಸಿದ ಸ್ಪ್ರಿಂಗಿನ ಕಡ್ಡಿಗೆ ಅಂಗೈಯಗಲದ ಕಿತ್ತಳೆ ಬಣ್ಣದ ಬಾವುಟ. ಅಂಥವು ಆರುನೂರು ಬಂದಿದ್ದವು.

ಮೀನು ಹಿಡಿಯುವ ಮತ್ತು ಮರುಭೂಮಿಯಲ್ಲಿ ಡೇರೆ ಹಾಕುವ ಸಾಮಾನು ಮಾರುವ ಕಂಪನಿ ಅದು. ಅಲ್ಲಿ ಹತ್ತೊಂಬತ್ತು ವರ್ಷದಿಂದ ಸ್ಟೋರ್‌ಕೀಪರ್ ಆಗಿರುವ ಕಾಂತಪ್ಪ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದ. ದಪ್ಪ ಕೋಟು, ಕಿವಿ ಮುಚ್ಚುವ ಟೋಪಿ ತೊಟ್ಟ ಇಬ್ಬರು ಬಿಳಿಯರು ಹೆಪ್ಪುಗಟ್ಟಿದ ಸರೋವರದ ಮೇಲೆ ಮೊಣಕಾಲೂರಿ ಕೂತಿದ್ದರು. ಒಬ್ಬನ ಕೈಯಲ್ಲಿ ಮೈತುಂಬ ಚುಕ್ಕೆಯ ದೊಡ್ಡ ಮೀನು. ಕೆಳಗೆ ‘ಲೇಕ್ ಟ್ರೌಟ್’ ಎಂದು ಬರೆದಿತ್ತು. ಕಾಂತಪ್ಪ ಚಿತ್ರ ಕೆಳಗಾಗುವಂತೆ ಪೆಟ್ಟಿಗೆಯನ್ನು ಮಗುಚಿಟ್ಟ.

ಮಾಲೀಕ ಬು ಮಿಶಾರಿ ಪೆಟ್ಟಿಗೆಯ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಒಂದು ವಿಡಿಯೋ ತೆರೆದ. ಕೆನಡಾದ ಕಡೆಯವರು ಮಂಜುಗಡ್ಡೆಗೆ ಗುಂಡಗೆ ತೂತು ಕೊರೆದು, ಅದರ ಮೇಲೆ ಈ ಶಿಲುಬೆಯನ್ನು ಅಡ್ಡ ಇಟ್ಟು, ಉರುಳೆಯನ್ನು ನೀರೊಳಗೆ ಇಳಿಬಿಟ್ಟು, ದೂರದ ಡೇರೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ಕೆಳಗೆ ಮೀನು ಗಾಳಕ್ಕೆ ಬಾಯಿ ಹಾಕಿದರೆ ಉರುಳೆ ತಿರುಗಿ ಬಾವುಟ ಚಿಮ್ಮಿ ನಿಲ್ಲುತ್ತದೆ. ಆಗ ಎಲ್ಲರೂ ಹಿಮದ ಮೇಲೆ ಜಾರುತ್ತ ಬೀಳುತ್ತ ಓಡಿಬರುತ್ತಾರೆ. ಹೊರಗೆ ಶುವೈಖ್‌ನ ಡಾಂಬರು ಕರಗುವ ಬಿಸಿಲು. ಬು ಮಿಶಾರಿ ಮೊದಲು ಹೊಟ್ಟೆ ಹಿಡಿದು ನಕ್ಕ. ಆಮೇಲೆ ನಗು ನಿಲ್ಲಿಸಿದ.

“ಕೌನ್ ಬೋಲಾ ಯೇ ಮಂಗಾನೇ ಕೋ?” ಎಂದು ಕೇಳಿದ. ಇದನ್ನು ತರಿಸಲು ಹೇಳಿದವನು ಯಾರು?

ಹೇಳಿದವನು ಕಾಂತಪ್ಪನೇ. ಪರ್ಚೇಸ್ ನೋಡಿಕೊಳ್ಳುತ್ತಿದ್ದ ರುಡಾಲ್ಫ್ ಚಳಿಗಾಲ ಮುಗಿಯುವಾಗ ಒಂದು ಕ್ಯಾಟಲಾಗ್ ಹಿಡಿದುಕೊಂಡು ಸ್ಟೋರಿಗೆ ಬಂದಿದ್ದ. ಅದರಲ್ಲಿ ಹೆಬ್ಬೆರಳಿನಷ್ಟು ಚಿತ್ರ. ಹಿಂದೆ ಬರೀ ಬಿಳಿ. ರುಡಾಲ್ಫ್ ಮಂಗಳೂರಿನ ಕುಲಶೇಖರದ ಕ್ರಿಸ್ತುವ, ತುಳುವರ ಬಾಯಲ್ಲಿ ಪೊರ್ಬು, ಕಾಗದಪತ್ರದಲ್ಲಿ ಹುಲಿ, ಮೀನಿನ ವಿಷಯದಲ್ಲಿ ತಟ್ಟೆಗೆ ಬಂದದ್ದಷ್ಟೇ ಗೊತ್ತು. “ಕಾಂತಣ್ಣ, ಇದು ಎಂತದು ನೋಡಿ” ಎಂದ. ಹೆಜಮಾಡಿಯ ಮೊಗವೀರನ ಮಗ, ಅಪ್ಪನ ಜೊತೆ ರಂಪಣಿ ಬಲೆ ಎಳೆದವನು, ಗೊತ್ತಿಲ್ಲ ಎನ್ನುವುದುಂಟೇ? ಊರಿನಲ್ಲಿ ಕಡಲಿಗೆ ಬಿಟ್ಟ ಬಲೆಯ ತುದಿ ಗುರುತಿಗೆ ಬಾವುಟ ಕಟ್ಟುತ್ತಾರೆ. ಬಾವುಟ ಕಂಡದ್ದೇ ತಡ, ಕಾಂತಪ್ಪನಿಗೆ ಬೇರೇನೂ ಕಾಣಲಿಲ್ಲ. “ಇದು ಬಲೆಗೆ ಕಟ್ಟುವ ಬಾವುಟ ಪೊರ್ಬುಲೆ. ಇಲ್ಲಿಯ ಬೋಟಿನವರು ಬಿದಿರು ಕಟ್ಟಿ ಕಟ್ಟಿ ಸಾಯ್ತಾರೆ. ಐನೂರು ಆರುನೂರು ತರಿಸಿ, ಕಣ್ಣು ಮುಚ್ಚಿ ತರಿಸಿ” ಎಂದಿದ್ದ. ಮೀನಿನ ಮರಿಗೆ ಈಜು ಕಲಿಸಬೇಕೇ ಎಂದು ರುಡಾಲ್ಫ್ ಕಣ್ಣು ಮುಚ್ಚಿಯೇ ಸಹಿ ಹಾಕಿದ.

ಈಗ ಮಾಲೀಕನ ಪ್ರಶ್ನೆ ಗೋದಾಮಿನ ನಡುವೆ ನಿಂತಿತ್ತು. ರುಡಾಲ್ಫ್ ಕಾಂತಪ್ಪನ ಕಡೆಗೆ ಒಮ್ಮೆ ನೋಡಿದ. ದೂರುವ ನೋಟವಲ್ಲ, ಸುಮ್ಮನೆ ನೋಡಿದ. ಕಾಂತಪ್ಪ ಕೈಯಲ್ಲಿದ್ದ ಸ್ಟಾಕಿನ ಪಟ್ಟಿಯನ್ನು ಓದುವವನ ಹಾಗೆ ತಲೆ ತಗ್ಗಿಸಿದ. ಈ ದೇಶದಲ್ಲಿರಲು ಬೇಕಾದ ಇಕಾಮಾ ಪರವಾನಗಿ ರದ್ದಾದರೆ ಐವತ್ತೆರಡರ ಪ್ರಾಯದಲ್ಲಿ ಯಾವ ಧಣಿ ಕಫೀಲ್ ಆಗಿ ತನ್ನನ್ನು ಇಟ್ಟುಕೊಳ್ಳುತ್ತಾನೆ ಎಂಬುದೊಂದೇ ಅವನ ತಲೆಯಲ್ಲಿತ್ತು. ರುಡಾಲ್ಫ್ ಮಾಲೀಕನ ಕಡೆಗೆ ತಿರುಗಿ, “ಸೈನ್ ನನ್ನದು ಸರ್” ಎಂದ.

ಆ ಮಾತಿನ ಹಿಂದೆ ಕಾಂತಪ್ಪ ಅಡಗಿ ಕೂತ. ಸಹಿ ಅವನದೇ ಅಲ್ಲವೇ? ಓದಿ ಸಹಿ ಹಾಕಬೇಕಾದವನು ಅವನು ತಾನೇ? ಹೀಗೆ ತನಗೆ ತಾನೇ ವಕೀಲನಾಗಿ ರಾತ್ರಿ ಹಗಲು ವಾದ ಮಾಡಿದ. ವಾದ ಗೆದ್ದ, ನಿದ್ದೆ ಮಾತ್ರ ಬರಲಿಲ್ಲ.

ಬು ಮಿಶಾರಿ ರುಡಾಲ್ಫನನ್ನು ಪರ್ಚೇಸಿನಿಂದ ತೆಗೆದು ಡೆಲಿವರಿಗೆ ಹಾಕಿದ. ಹೊಸ ಇಕಾಮಾದಲ್ಲಿ ದರ್ಜೆ ಇಳಿಯಿತು. ಆ ದರ್ಜೆಯ ಸಂಬಳಕ್ಕೆ ಹೆಂಡತಿ ಮಕ್ಕಳನ್ನು ಕುವೈತ್‌ನಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ರುಡಾಲ್ಫನ ಹೆಂಡತಿ ಬೆಟ್ಟಿ ಅಡಿಗೆಮನೆಯ ಸಾಮಾನೆಲ್ಲ ಯಾರಿಗೋ ಹಂಚಿ, ಒಂಬತ್ತನೇ ತರಗತಿಯ ನಡುವರ್ಷದಲ್ಲಿ ಮಗಳು ಕ್ಲಾರಿಸ್ಸಾಳನ್ನು ಕರೆದುಕೊಂಡು ಕುಲಶೇಖರದಲ್ಲಿ ಗಂಡನ ಅಣ್ಣನ ಮನೆಗೆ ಹೋದಳು. ಏರ್‌ಪೋರ್ಟಿಗೆ ಕಾಂತಪ್ಪ ಹೋಗಲಿಲ್ಲ. ಸ್ಟಾಕ್ ಲೆಕ್ಕ ಇದೆ ಎಂದು ಸುಳ್ಳು ಹೇಳಿದ.

ಮನೆ ಬಿಟ್ಟ ರುಡಾಲ್ಫನಿಗೆ ಒಂದು ಮಂಚದ ಜಾಗ ಬೇಕಿತ್ತು. “ನನ್ನ ರೂಮಿಗೇ ಬನ್ನಿ” ಎಂದು ಕಾಂತಪ್ಪನೇ ಕರೆದ. ಮಂಗಫ್‌ನ ಆ ಕೋಣೆಯಲ್ಲಿ ಕಿಟಕಿಯ ಪಕ್ಕದ ಒಳ್ಳೆಯ ಮಂಚ ಬಿಟ್ಟುಕೊಟ್ಟ. ಬೆಳಿಗ್ಗೆ ಚಹಾ ಮಾಡಿಕೊಟ್ಟ. ಬಟ್ಟೆಯನ್ನೂ ಒಗೆದು ಕೊಡುತ್ತಿದ್ದನೋ ಏನೋ, ರುಡಾಲ್ಫ್ ಬಿಡಲಿಲ್ಲ. “ಎಂತ ಕಾಂತಣ್ಣ, ನಾನು ಎಂತ ಬಾಣಂತಿಯಾ?” ಎಂದು ನಕ್ಕ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಕಾಂತಪ್ಪ ಆನೆಯನ್ನಲ್ಲ, ಚಹಾ ಕೊಟ್ಟು ವಾಪಸು ತರಲು ನೋಡುತ್ತಿದ್ದ.

ದಿನಾ ಸಂಜೆ ಏಳಕ್ಕೆ ಕ್ಲಾರಿಸ್ಸಾಳ ಫೋನ್. ಒಂದೇ ಕೋಣೆ, ಕಿವಿ ಮುಚ್ಚಿಕೊಳ್ಳುವ ಹಾಗಿಲ್ಲ. ಹೊಸ ಶಾಲೆಯಲ್ಲಿ ಅವಳಿಗೆ ಕನ್ನಡ ಓದಲು ಬರುವುದಿಲ್ಲವೆಂದು ಮಕ್ಕಳು ನಗುತ್ತಿದ್ದರು. ಅಪ್ಪ ಕುವೈತ್‌ಗೆ ಹಿಮದ ಗಾಳ ತರಿಸಿ ಕೆಲಸ ಕಳೆದುಕೊಂಡ ಕಥೆ ಹೇಗೋ ಅಲ್ಲಿಗೂ ಮುಟ್ಟಿತ್ತು.

“ಸೀರಿಯಸ್ಲಿ ಪಪ್ಪಾ, ಹೂ ಆರ್ಡರ್ಸ್ ಐಸ್ ಫಿಶಿಂಗ್ ಸ್ಟಫ್ ಇನ್ ಕುವೈತ್?” ಎಂದು ಅವಳು ಒಂದು ದಿನ ಕೇಳಿದಳು. ತಮಾಷೆಯ ದನಿಯಲ್ಲ.

“ನಿನ್ನ ಪಪ್ಪ ಬೆಪ್ಪ ಅಲ್ವಾ ಬಾಯ್” ಎಂದ ರುಡಾಲ್ಫ್, ಕೊಂಕಣಿಯಲ್ಲಿ ಮಗಳನ್ನು ಮುದ್ದಿಗೆ ಕರೆಯುವ ಹಾಗೆ.

ಪಕ್ಕದ ಮಂಚದಲ್ಲಿ ಕಾಂತಪ್ಪ ಗೋಡೆಯ ಕಡೆಗೆ ಹೊರಳಿದ. ಎದ್ದು ಹೋಗಿ ಆ ಫೋನು ಕಸಿದುಕೊಂಡು, ಬೆಪ್ಪ ನಿನ್ನ ಅಪ್ಪನಲ್ಲ ಮಗಾ, ನಾನು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಗಿತ್ತು.

ಆ ಆರುನೂರು ಬಾವುಟ ಖಾಲಿಯಾದರೆ ಮಾಲೀಕನ ಸಿಟ್ಟು ಇಳಿದೀತು, ರುಡಾಲ್ಫನ ಕುರ್ಚಿ ತಾನಾಗಿ ಮರಳೀತು, ತಾನು ಬಾಯಿ ಬಿಡುವುದೇ ಬೇಡವಾದೀತು. ಇದು ಕಾಂತಪ್ಪ ಕಂಡುಕೊಂಡ ಉಪಾಯ. ತಪ್ಪು ಒಪ್ಪಿಕೊಳ್ಳುವುದೊಂದನ್ನು ಬಿಟ್ಟು ಬೇರೆ ಎಷ್ಟು ಕಷ್ಟದ ಕೆಲಸಕ್ಕೂ ಮನುಷ್ಯ ತಯಾರು. ನವೆಂಬರಿನಲ್ಲಿ ಅವನು ಒಂದು ಬಾವುಟ ಕೋಣೆಗೆ ತಂದು ಬಿಚ್ಚಿ ಜೋಡಿಸಿ ನೋಡಿದ. ತೂತು ಕೊರೆಯಲು ಹಿಮ ಬೇಕು, ಹಿಮ ಎಲ್ಲಿಂದ ತರುವುದು? ಒಂದು ದಿನ ಮೀನು ಮಾರ್ಕೆಟ್ಟಿನ ಹಿಂದೆ ಬಿಸಾಡಿದ ಥರ್ಮಾಕೋಲ್ ಪೆಟ್ಟಿಗೆಗಳ ರಾಶಿ ಕಂಡಿತು. ಬೆಳ್ಳಗೆ, ದಪ್ಪಗೆ, ನೀರಿನಲ್ಲಿ ಮುಳುಗದೆ. ಅದರ ಮುಚ್ಚಳಕ್ಕೆ ಗುಂಡಗೆ ತೂತು ಕೊರೆದು ಶಿಲುಬೆಯನ್ನು ಬಿಗಿದು, ಉರುಳೆಯನ್ನು ಕೆಳಗೆ ಇಳಿಸಿದ. ಲಂಗರಿಗೆ ಒಂದು ಕಲ್ಲು ಕಟ್ಟಿ, ದಡದಿಂದ ಹಿಡಿದುಕೊಳ್ಳಲು ಉದ್ದನೆಯ ಹಗ್ಗ ಹಾಕಿದ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಮಂಗಫ್‌ನ ಕಡಲಿಗೆ ಹೋದರು. ಅಲೆ ತಡೆಯುವ ಕಲ್ಲುಗಳ ಒಳಗೆ ನೀರು ನಿಂತ ಕೆರೆಯ ಹಾಗಿತ್ತು. ಸಿಗಡಿ ಸಿಕ್ಕಿಸಿ ಮೂರು ಮುಚ್ಚಳ ಬಿಟ್ಟರು. ಗಾಳಿಗೆ ಬಾವುಟ ಸುಮ್ಮಸುಮ್ಮನೆ ಚಿಮ್ಮಿತು. ಕಡ್ಡಿಯನ್ನು ಬಿಗಿ ಮಾಡಿದರೆ ಮೀನು ಬಂದರೂ ಏಳಲಿಲ್ಲ. ಮೂರು ಶುಕ್ರವಾರ ಬರಿಗೈ. ನಾಲ್ಕನೆಯ ಶುಕ್ರವಾರ ಅಳತೆ ಕೂಡಿಬಂತು. ಚಳಿಗೆ ಕಾರಿನ ಗಾಜು ಏರಿಸಿ ಚಹಾ ಕುಡಿಯುತ್ತ ಕೂತಿದ್ದಾಗ ಒಂದು ಬಾವುಟ ಟಪ್ಪೆಂದು ಎದ್ದು ನಿಂತಿತು. ರುಡಾಲ್ಫ್ ಚಪ್ಪಲಿ ಬಿಟ್ಟು ಓಡಿದ. ಹಗ್ಗ ಎಳೆದು, ದಾರ ಕೈಗೆ ತೆಗೆದುಕೊಂಡರೆ ತುದಿಯಲ್ಲಿ ಒಂದು ಒಳ್ಳೆಯ ಶೇರಿ ಮೀನು ಹೊರಳಾಡುತ್ತಿತ್ತು. ರುಡಾಲ್ಫ್ ಸಣ್ಣ ಹುಡುಗನ ಹಾಗೆ ಕುಣಿದ. ಸೆಪ್ಟೆಂಬರಿನ ನಂತರ ಅವನು ಬಾಯ್ತುಂಬ ನಕ್ಕದ್ದು ಅದೇ ಮೊದಲು. ಆ ನಗು ನೋಡಿ ಕಾಂತಪ್ಪನಿಗೆ ಸಂತೋಷವಾಗಬೇಕಿತ್ತು, ಅಳು ಬಂತು.

ಸುದ್ದಿ ಹರಡಲು ಮೈಕು ಬೇಕೇ? ಪಕ್ಕದ ಕಾರಿನವರು ಬಂದು ನೋಡಿದರು, ವಿಡಿಯೋ ಮಾಡಿದರು. ಗಾಳ ಹಿಡಿದು ಚಳಿಯಲ್ಲಿ ನಿಲ್ಲಬೇಕಿಲ್ಲ, ಕಾರಿನೊಳಗೆ ಹೀಟರ್ ಹಾಕಿ ಕೂತರೆ ಸಾಕು ಎಂದಮೇಲೆ ಕೇಳಬೇಕೇ! ಜನವರಿಯಲ್ಲಿ ಅಂಗಡಿಗೆ ಬಾವುಟ ಕೇಳಿಕೊಂಡು ಬರುವವರು ಶುರುವಾದರು. ಫೆಬ್ರವರಿಗೆ ಗೋದಾಮಿನ ಮೂಲೆ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ಬು ಮಿಶಾರಿ ನಂಬದೆ ಒಂದು ಶುಕ್ರವಾರ ತಾನೇ ಅರಬ್ಬಿ ಕಾಫಿ ಗಹ್ವಾ ತುಂಬಿದ ಫ್ಲಾಸ್ಕ್ ಹಿಡಿದು ಮಂಗಫ್‌ಗೆ ಬಂದ.

ಅವನ ಅದೃಷ್ಟಕ್ಕೆ ಆ ಬೆಳಿಗ್ಗೆ ಸಿಕ್ಕಿದ್ದು ಹಮೂರ್, ಅಂದರೆ ನಮ್ಮ ಊರಿನ ಮುರು ಮೀನು, ಮೊಣಕೈಯುದ್ದದ್ದು. ಬು ಮಿಶಾರಿ ಉದ್ದನೆಯ ನಿಲುವಂಗಿ ದಿಶ್ದಾಶಾವನ್ನು ಮೊಣಕಾಲಿಗೆ ಎತ್ತಿ ಕಲ್ಲಿನ ಮೇಲೆ ನಿಂತು ತಾನೇ ದಾರ ಎಳೆದ. ಅವನ ಅಜ್ಜಂದಿರೂ ಕಡಲಿನವರೇ. ಆ ರಕ್ತಕ್ಕೆ ಆಫೀಸಿನ ಕುರ್ಚಿ ಮರೆತುಹೋಯಿತು. ಮೀನನ್ನು ಕಲ್ಲಿನ ಮೇಲೆ ಹಾಕಿ, ಏದುಸಿರು ಬಿಡುತ್ತ, ಅರ್ಧ ಅರಬ್ಬಿ ಅರ್ಧ ಹಿಂದಿಯಲ್ಲಿ ಕೇಳಿದ: ಈ ಉಪಾಯದ ತಲೆ ಯಾರದ್ದು?

ಕಾಂತಪ್ಪ ಬಾಯಿ ತೆರೆಯುವ ಮೊದಲೇ ರುಡಾಲ್ಫ್ ಹೇಳಿದ. “ಎಲ್ಲ ಕಾಂತಣ್ಣನದ್ದೇ ಸರ್. ಈ ಮುಚ್ಚಳದ ಉಪಾಯವೂ ಇವರದ್ದು, ಇದನ್ನು ತರಿಸು ಅಂತ ಅವತ್ತು ನನಗೆ ಹೇಳಿದ್ದೂ ಇವರೇ.”

ಬೈಗಳಿದ್ದಾಗ ನುಂಗಿಕೊಂಡ ಹೆಸರನ್ನು ಹೊಗಳಿಕೆ ಬಂದಾಗ ರುಡಾಲ್ಫ್ ಹೊರಗೆ ತೆಗೆದಿದ್ದ. ಕಾಂತಪ್ಪನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು.

“ಅಂದರೆ ನೀನು ಮೊದಲೇ ಇದನ್ನೆಲ್ಲ ಯೋಚಿಸಿದ್ದೆ!” ಎಂದ ಬು ಮಿಶಾರಿ. “ಜೂನಿನಲ್ಲಿ ಯಾಕೆ ಹೇಳಲಿಲ್ಲ?” ಎಂದು ಕೇಳಿ, ಉತ್ತರವನ್ನೂ ತಾನೇ ಕೊಟ್ಟುಕೊಂಡು ನಕ್ಕ. “ಮೀನುಗಾರ ತನ್ನ ಜಾಗ ಯಾರಿಗೂ ಹೇಳುವುದಿಲ್ಲ, ಅಲ್ಲವಾ?”

ಕಾಂತಪ್ಪನೂ ನಕ್ಕ. ಇಲ್ಲ ಸರ್, ಬಲೆಯ ಬಾವುಟ ಎಂದು ತಪ್ಪು ತಿಳಿದಿದ್ದೆ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅವನು ಹಲ್ಲು ಬಿಟ್ಟು ನಕ್ಕುಬಿಟ್ಟ. ಜೂನಿನ ಮೌನಕ್ಕೆ ಭಯ ಕಾರಣ ಎನ್ನಬಹುದಿತ್ತು. ಈ ನಗುವಿಗೆ ಯಾವ ವಕೀಲನೂ ಸಿಗುವ ಹಾಗಿರಲಿಲ್ಲ.

“ಪರ್ಚೇಸಿನ ಕುರ್ಚಿ ನಿನಗೆ” ಎಂದ ಬು ಮಿಶಾರಿ ಕಾರು ಹತ್ತುವಾಗ. “ಹೆಂಡತಿಯನ್ನೂ ಕರೆಸಿಕೋ. ಕಾಗದ ನಾನು ಮಾಡಿಸುತ್ತೇನೆ. ಯಲ್ಲಾ, ಹೊರಟೆ.”

ರುಡಾಲ್ಫ್ ಮೀನು ತೊಳೆಯುತ್ತಿದ್ದವನು ಎದ್ದು ಬಂದು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿ, ಕಾಂತಪ್ಪನ ಕೈ ಕುಲುಕಿದ. “ಒಳ್ಳೇದಾಯ್ತು ಕಾಂತಣ್ಣ. ಹತ್ತೊಂಬತ್ತು ವರ್ಷ ಅಪ್ಪಿಯಕ್ಕ ಅಲ್ಲಿ, ನೀವು ಇಲ್ಲಿ. ಒಬ್ಬರದ್ದಾದ್ರೂ ಸಂಸಾರ ಒಟ್ಟಾಗ್ಲಿ” ಎಂದ. ಮುಖದಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಕಾಂತಪ್ಪ ಹಮೂರ್ ಸಾರು ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಕಟ್ಟಡದ ತಾರಸಿಗೆ ಹೋಗಿ ಹೆಜಮಾಡಿಗೆ ಫೋನ್ ಮಾಡಿದ. ಸುದ್ದಿ ಕೇಳಿ ಹೆಂಡತಿ ಅಪ್ಪಿ ಮೊದಲು ನಂಬಲಿಲ್ಲ. ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ಅಲ್ಲಿ ಕುಚ್ಚಲಕ್ಕಿ ಸಿಗ್ತದಾ? ಚಳಿಗೆ ಸ್ವೆಟರ್ ಬೇಕಾ? ತುಳುವಿನಲ್ಲಿ ಅವಳ ದನಿ ಮದುವೆಯಾದ ಹೊಸದರ ಹಾಗೆ ಏರಿಳಿಯಿತು. ಕಾಂತಪ್ಪನಿಗೆ ಅವಳನ್ನು ಅಲ್ಲಿಗೇ ಬಿಟ್ಟುಬಿಡಬೇಕು, ಮುಂದೆ ಏನೂ ಹೇಳಬಾರದು ಎನಿಸಿತು. ಆದರೆ ಅವಳು “ಬೆಟ್ಟಿಬಾಯಿ ಅಲ್ಲೇ ಇದ್ದಾರಲ್ಲ, ನಂಗೆ ಜೊತೆಯಾಯ್ತು” ಎಂದುಬಿಟ್ಟಳು.

ಅಪ್ಪಿಗೆ ಏನೂ ಗೊತ್ತಿರಲಿಲ್ಲ. ಕಾಂತಪ್ಪ ಹೇಳಿದ. ಕ್ಯಾಟಲಾಗಿನಿಂದ ಹಿಡಿದು ಬೆಳಗಿನ ನಗುವಿನವರೆಗೆ ಎಲ್ಲವನ್ನೂ, ಗಾಳಿಗೆ ಬೆನ್ನು ಕೊಟ್ಟು ನಿಂತು, ಹೇಳಿ ಮುಗಿಸಿದ.

 

“ಅವ್ರನ್ನು ಎಬ್ಬಿಸಿದ ಮನೆಗೆ ನಾನು ಬಂದು ಒಲೆ ಹಚ್ಲಿಕ್ಕಾ?” ಎಂದಳು ಅಪ್ಪಿ. “ನಾನು ಬರುದಿಲ್ಲ. ನೀವು ಮೊದ್ಲು ಹೋಗಿ ಬಾಯಿ ಬಿಡಿ.” ಅವಳು ಅಳುತ್ತಿದ್ದಳು. ಯಾವುದಕ್ಕೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಶುಕ್ರ ಶನಿಯ ರಜೆ ಮುಗಿದು ಭಾನುವಾರ ಆಫೀಸು ತೆರೆದ ಕೂಡಲೇ ಕಾಂತಪ್ಪ ಬು ಮಿಶಾರಿಯ ಮೇಜಿನ ಮುಂದೆ ನಿಂತ. ಗೊತ್ತಿದ್ದ ಹಿಂದಿ, ಗೊತ್ತಿದ್ದ ಅರಬ್ಬಿ ಎಲ್ಲ ಸೇರಿಸಿ ಹೇಳಿದ. ಮೊದಲೇ ಯೋಚಿಸಿದ್ದು ಸುಳ್ಳು. ಬಲೆಗೆ ಕಟ್ಟುವ ಬಾವುಟ ಎಂದು ಜಂಬದಿಂದ ಹೇಳಿದ್ದೆ. ರುಡಾಲ್ಫ್ ನನ್ನನ್ನು ನಂಬಿ ಸಹಿ ಹಾಕಿದ. ನೀವು ಕೇಳಿದಾಗ ನಾನು ಹೆದರಿ ಸುಮ್ಮನಿದ್ದೆ. ಇಕಾಮಾ ರದ್ದು ಮಾಡುವುದಿದ್ದರೆ ನನ್ನದು ಮಾಡಿ.

ಬು ಮಿಶಾರಿ ಜಪಮಣಿ ತಿರುಗಿಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದ.

“ನಾನು ಅವನನ್ನು ಇಳಿಸಿದ್ದು ಯಾರನ್ನೂ ಕೇಳದೆ ಸಹಿ ಹಾಕಿದನೆಂದು” ಎಂದ. “ಮೀನುಗಾರನನ್ನು ಕೇಳಿ ಹಾಕಿದ್ದೆಂದು ಅವತ್ತೇ ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆ? ನಿನ್ನನ್ನು ಕೇಳಿದ್ದರೆ ನಾನೂ ನಂಬುತ್ತಿದ್ದೆ. ಇಬ್ಬರಿಗೂ ಎರಡು ದಿನ ಬೈದು ಬಿಡುತ್ತಿದ್ದೆ. ಅಷ್ಟೇ ಇತ್ತು, ಕಾಂತಪ್ಪ.”

ಎರಡು ದಿನದ ಬೈಗಳು. ಅಷ್ಟಕ್ಕೆ ಹೆದರಿ ಕಾಂತಪ್ಪ ಒಂದು ಮನೆಯನ್ನೇ ಕಿತ್ತಿದ್ದ.

“ನೀನು ಸ್ಟೋರಿನಲ್ಲೇ ಇರು. ಅವನನ್ನು ಅವನ ಜಾಗಕ್ಕೆ ಕಳಿಸು. ಖಲಾಸ್” ಎಂದು ಬು ಮಿಶಾರಿ ಕಾಗದಗಳ ಕಡೆಗೆ ತಿರುಗಿದ.

ಸಂಜೆ ಕೋಣೆಯಲ್ಲಿ ರುಡಾಲ್ಫ್ ಅಕ್ಕಿ ತೊಳೆಯುತ್ತಿದ್ದ. ಆಫೀಸಿನಲ್ಲೇ ಅವನಿಗೆ ಎಲ್ಲ ತಿಳಿದಿತ್ತು, ಆದರೆ ಏನೂ ಆಡಿರಲಿಲ್ಲ. ಕಾಂತಪ್ಪ ಬಾಗಿಲಲ್ಲೇ ನಿಂತು, “ಪೊರ್ಬುಲೆ, ನಂದು ತಪ್ಪಾಯ್ತು” ಎಂದ. ಎಂಟು ತಿಂಗಳಿಂದ ನಾಲಗೆಯ ಮೇಲಿದ್ದ ಮಾತು ಹೊರಗೆ ಬಂದಾಗ ಬಹಳ ಸಣ್ಣದಾಗಿತ್ತು. “ಇನ್ನು ಬೆಟ್ಟಿಬಾಯಿಯನ್ನೂ ಮಗಳನ್ನೂ ಕರೆಸಬಹುದಲ್ಲ?”

“ಅವಳು ಈಗಷ್ಟೆ ಅಲ್ಲಿ ಒಂದೆರಡು ಫ್ರೆಂಡ್ಸ್ ಮಾಡ್ಕೊಂಡಿದ್ದಾಳೆ” ಎಂದ ರುಡಾಲ್ಫ್. “ಇನ್ನೊಮ್ಮೆ ಕಿತ್ತು ಇಲ್ಲಿ ನೆಡ್ಲಿಕ್ಕೆ ನನಗೆ ಮನಸ್ಸಿಲ್ಲ. ಎಸ್ಸೆಸ್ಸೆಲ್ಸಿ ಅಲ್ಲೇ ಮುಗೀಲಿ.”

“ಅವತ್ತು ನೀವು ನನ್ನ ಹೆಸ್ರು ಯಾಕೆ ಹೇಳ್ಲಿಲ್ಲ ಮಾರಾಯ್ರೆ?”

ರುಡಾಲ್ಫ್ ಪಾತ್ರೆಯ ನೀರು ಬಗ್ಗಿಸಿದ. “ನೀವೇ ಹೇಳ್ತೀರಿ ಅಂತ ಗ್ರಹಿಸಿದೆ. ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದೆ. ನನ್ನನ್ನು ಈ ರೂಮಿಗೆ ಕರೆದಾಗ, ಇದಕ್ಕೇ ಕರೆದದ್ದು, ಇಲ್ಲಿ ಕೂರಿಸಿ ಹೇಳ್ತೀರಿ ಅಂತ ಗ್ರಹಿಸಿ ಬಂದೆ.”

ಅಷ್ಟರಲ್ಲಿ ಮಂಚದ ಮೇಲಿದ್ದ ಫೋನು ರಿಂಗಾಯಿತು. ಕ್ಲಾರಿಸ್ಸಾ. ರುಡಾಲ್ಫ್ ಕೈ ಒರೆಸಿಕೊಂಡು ಫೋನು ಎತ್ತಿ, ಒಂದು ಗಳಿಗೆ ಯೋಚಿಸಿ, ಅದನ್ನು ಕಾಂತಪ್ಪನ ಕಡೆಗೆ ಚಾಚಿದ.

“ಬು ಮಿಶಾರಿಗೆ ಹೇಳಿದ್ದು ಸರಿ. ಆದ್ರೆ ಇವಳಿಗೆ ನಾನು ಹೇಳಿದ್ರೆ, ಪಪ್ಪ ಈಗ ನೆಪ ಹುಡುಕ್ತಾರೆ ಅಂತಾಳೆ. ಇವಳಿಗೆ ನೀವೇ ಹೇಳಿ ಕಾಂತಣ್ಣ.”

ಕಾಂತಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪರದೆಯಲ್ಲಿ ಎರಡು ಜಡೆಯ, ದೊಡ್ಡ ಕನ್ನಡಕದ ಹುಡುಗಿ. “ಹಾಯ್ ಅಂಕಲ್. ಪಪ್ಪ ಎಲ್ಲಿ?” ಎಂದಳು.

“ಇಲ್ಲೇ ಇದ್ದಾರೆ ಮಗಾ. ನಿನ್ನತ್ರ ಒಂದು ಹೇಳ್ಲಿಕ್ಕುಂಟು” ಎಂದ ಕಾಂತಪ್ಪ. “ಆ ಬಾವುಟ ತರಿಸಿದ್ದು ನಿನ್ನ ಪಪ್ಪ ಅಲ್ಲ. ಎಲ್ಲ ಗೊತ್ತಿದ್ದವನ ಹಾಗೆ ನಾನು ಹೇಳಿದೆ, ಅವ್ರು ನನ್ನನ್ನು ನಂಬಿದ್ರು. ಬಾಸ್ ಕೇಳುವಾಗ ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡ್ಲಿಲ್ಲ. ಅದಕ್ಕೆ ನೀವು ಊರಿಗೆ ಹೋಗ್ಬೇಕಾಯ್ತು. ನಿನ್ನ ಪಪ್ಪ ಬೆಪ್ಪ ಅಲ್ಲ. ನಾನು ಹೇಡಿ.”

ಹುಡುಗಿ ಕಣ್ಣು ಮಿಟುಕಿಸದೆ ನೋಡಿದಳು. ಅವಳು ಕಿರುಚಿದರೆ ಕಿರುಚಲಿ ಎಂದು ಅವನು ಕಾದ. ಅವಳು ಕಿರುಚಲಿಲ್ಲ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡಳು.

“ಅಂಕಲ್, ಏರ್‌ಪೋರ್ಟಲ್ಲಿ ಪಪ್ಪ ಹಗ್ ಮಾಡ್ಲಿಕ್ಕೆ ಬಂದ್ರು” ಎಂದಳು. “ಐ ಪುಶ್ಡ್ ಹಿಮ್.”

ಕಾಂತಪ್ಪ ಫೋನನ್ನು ರುಡಾಲ್ಫನ ಕೈಗೆ ಕೊಟ್ಟು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಒಳಗೆ ಅಪ್ಪ ಮಗಳು ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಅವನು ಮೆಟ್ಟಿಲ ಮೇಲೆ ಕೂತ. ಯಾರೂ ಅವನನ್ನು ಒಳಗೆ ಕರೆಯಲಿಲ್ಲ.